ಹಿಂಬಾಗಿಲಿನ ಕೆಂಪು ಕಂಬ

ಮಾರ್ಚ್ ೪, ಸೋಮವಾರ

ಇವತ್ತು ಒಬ್ಬನ ಹಲ್ಲು ಉದುರಬೇಕಿತ್ತು. ಅವನ ಪುಣ್ಯ, ನನ್ನ ಬಲಗೈಯಲ್ಲಿ ಪೇಂಟಿನ ಡಬ್ಬಿ ಇತ್ತು.

ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಗಾಡಿಗೆ ಬಣ್ಣ ಬಳಿಯುತ್ತಿದ್ದೆ. ಆಂಬುಲೆನ್ಸಿನ ಡ್ರೈವರು, ಮೊನ್ನೆ ಮೊನ್ನೆ ಮೀಸೆ ಬಂದವನು, ಬಂದು ನಿಂತು, "ಏನ್ ಮಾವ, ಹೆಂಗಸರ ಗಾಡಿಗೆ ಸಿಂಗಾರನಾ?" ಎಂದ. ನಾನು ಇಪ್ಪತ್ತೆರಡು ವರ್ಷ ಕಲ್ಲುಕ್ವಾರಿಯಲ್ಲಿ ಟಿಪ್ಪರ್ ಓಡಿಸಿದವನು. ಬ್ರೇಕ್ ಹೋದ ಟಿಪ್ಪರನ್ನು ಗುಡ್ಡದಿಂದ ಹಿಮ್ಮುಖವಾಗಿ ಇಳಿಸಿದವನು, ಎರಡು ಸಲ, ಅದರಲ್ಲಿ ಒಂದು ಸಲ ಬೇಕೆಂದೇ. "ನಿನ್ನ ಗಾಡಿ ಹೆಣ ಹೊರುತ್ತೆ, ನನ್ನದು ಹೆಣ ಆಗೋದನ್ನ ತಪ್ಪಿಸುತ್ತೆ. ಇನ್ನೊಂದು ಮಾತಾಡಿದ್ರೆ ನಿನ್ನ ಗಾಡೀಲೇ ನಿನ್ನ ಮಲಗಿಸಿ ಕಳಿಸ್ತೀನಿ" ಎಂದೆ. ಬಾಲ ಮುದುರಿಕೊಂಡು ಹೋದ.

ಈ ಬುಕ್ಕು ಯಾರೂ ಓದುವುದಕ್ಕಲ್ಲ. ಆಫೀಸಿನವರು ಗಾಡಿಗೆಂದು ಎರಡು ಕೊಟ್ಟರು. ಒಂದರಲ್ಲಿ ಕಿಲೋಮೀಟರು ಬರೆಯುತ್ತೇನೆ, ಇನ್ನೊಂದು ಖಾಲಿ ಬಿದ್ದಿತ್ತು. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಮೇಷ್ಟ್ರು ಬೆತ್ತ ಮುರಿದು ಕಲಿಸಿದ ಅಕ್ಷರ. ತುಕ್ಕು ಹಿಡಿಯಬಾರದು, ನನ್ನ ಪ್ರತಾಪವೂ ದಾಖಲಾಗಬೇಕು.

ಗಾಡಿಯೊಳಗಿರುವುದು ಹೆಂಗಸರ ಎದೆಯ ಚಿತ್ರ ತೆಗೆಯುವ ಯಂತ್ರ. ಕೈಗೆ ಗಂಟು ಸಿಗುವ ಮೊದಲೇ ಕ್ಯಾನ್ಸರನ್ನು ಹಿಡಿಯುತ್ತದೆ. ಐವತ್ತರಿಂದ ಅರವತ್ತೊಂಬತ್ತರವರೆಗಿನ ಎಲ್ಲರಿಗೂ ಮನೆಗೆ ಕಾಗದ ಹೋಗುತ್ತದೆ, ನಾನು ಗಾಡಿಯನ್ನು ಅವರ ಬೀದಿಗೆ ತಂದು ನಿಲ್ಲಿಸುತ್ತೇನೆ. ಯಂತ್ರ ನಡೆಸುವವಳು ನನ್ನ ತಂಗಿಯ ಮಗಳು. ತೆಳ್ಳಗೆ, ಚೂಪಾಗಿ ಇರುವುದರಿಂದ ನಾನಿಟ್ಟ ಹೆಸರು ಗುಂಡುಸೂಜಿ.

ಆಸ್ಪತ್ರೆಯ ಮಹಡಿಯಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ. ರೋಗಿಗಳನ್ನು ಮುಟ್ಟುವುದಿಲ್ಲ, ಎಣಿಸುತ್ತಾರೆ. ನಾವೆಲ್ಲ ಲೆಕ್ಕದಮ್ಮ ಎನ್ನುತ್ತೇವೆ. ಅವರ ಗೋಡೆಯ ಮೇಲೆ ಒಂದು ಕಾಗದ ನೋಡಿದೆ. ಗಾಡಿ ಬರುವ ಹಿಂದಿನ ವರ್ಷ ಎಷ್ಟು ಜನಕ್ಕೆ ಕ್ಯಾನ್ಸರ್ ಸಿಕ್ಕಿತು, ಬಂದ ವರ್ಷ ಎಷ್ಟು, ವಯಸ್ಸಿನ ಪ್ರಕಾರ. ಐವತ್ತರ ಒಳಗಿನವರು ಆಗ ಆರು, ಈಗಲೂ ಆರು. ಎಪ್ಪತ್ತು ಮುಟ್ಟಿದವರು ಒಂಬತ್ತು, ಒಂಬತ್ತು. ನಡುವಿನವರು ಮಾತ್ರ ಹನ್ನೆರಡು ಇದ್ದದ್ದು ಮೂವತ್ತೊಂದು.

ಇದನ್ನು ಗೋಡೆಗೆ ಅಂಟಿಸಿ ಯಾರಿಗೆ ಲಾಭ? ಇಡೀ ಊರು ನೋಡಲಿ ಎಂದು ಗಾಡಿಯ ಹಿಂಬಾಗಿಲಿಗೆ ಬರೆದುಬಿಟ್ಟೆ. ಮೊದಲಿನದು ಬಿಳಿ ಕಂಬ, ಆಮೇಲಿನದು ಕೆಂಪು, ತಲೆಯ ಮೇಲೆ ಸಂಖ್ಯೆ, ಬುಡದಲ್ಲಿ ವಯಸ್ಸು. ನಡುವಿನ ಕೆಂಪು ಕಂಬ ನನ್ನ ಎದೆಯೆತ್ತರ ಬಂತು. ಕೆಳಗೆ ದಪ್ಪಕ್ಷರದಲ್ಲಿ "ಗಾಡಿ ಬರುವ ಮೊದಲು" ಮತ್ತು "ಗಾಡಿ ಬಂದ ಮೇಲೆ". ಲೆಕ್ಕದಮ್ಮ ರಜೆಯಲ್ಲಿದ್ದಾರೆ. ಬಂದು ನೋಡಿ ಮೂರ್ಛೆ ಹೋಗಲಿ.

ಮಾರ್ಚ್ ೬, ಬುಧವಾರ

ತಂಗಿಯನ್ನು ಗಾಡಿಗೆ ಹತ್ತಿಸಿದೆ. ಹೋದ ವರ್ಷ ಎರಡು ಕಾಗದ ಬಂದರೂ ಬರಲಿಲ್ಲ. ಮನೆಯಲ್ಲೇ ಹೊಲಿಗೆ ಮಾಡುವವಳು, ಗಂಡ ಹೋಗಿ ಹದಿನಾರು ವರ್ಷ, ಈಗ ಐವತ್ತಾರು. ಗಾಡಿಯಲ್ಲಿ ಮಗಳು ತಲೆ ತಿರುಗಿ ಬಿದ್ದಿದ್ದಾಳೆ ಎಂದು ಸುಳ್ಳು ಹೇಳಿ ಕರೆತಂದೆ. ಓಡುತ್ತಾ ಬಂದವಳ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಮಗಳು ನೆಟ್ಟಗೆ ನಿಂತಿರುವುದನ್ನು ನೋಡಿ ನನ್ನ ಬೆನ್ನಿಗೆ ಒಂದು ಗುದ್ದಿದಳು. ಅವಳ ಗುದ್ದು ಎಂದರೆ ಗುದ್ದು, ನಮ್ಮ ವಂಶದ್ದು.

ಬಂದವಳು ಸುಮ್ಮನೆ ಹೋಗುವುದೇಕೆ ಎಂದು ಮಗಳು ಚಿತ್ರ ತೆಗೆದೇಬಿಟ್ಟಳು. ಹೊರಗೆ ಬಂದಾಗ ತಂಗಿಯ ಮುಖ ಕೆಂಡ.

"ಎರಡು ಹಲಗೆ ಮಧ್ಯ ಇಟ್ಟು ಹಿಚುಕಿಬಿಟ್ಟಳಲ್ಲೋ ಅಣ್ಣ. ಸ್ವಂತ ಮಗಳು. ಕುಡಿದ ಹಾಲು ಮರೆತುಹೋಯ್ತು ಅವಳಿಗೆ."

"ಒತ್ತದಿದ್ರೆ ಚಿತ್ರ ಮಸುಕಾಗುತ್ತಮ್ಮ. ಹತ್ತು ಸೆಕೆಂಡು ಅಷ್ಟೇ" ಎಂದಳು ಒಳಗಿನಿಂದ ಗುಂಡುಸೂಜಿ.

"ಹೊಲಿಗೆ ಮಿಷಿನ್ ಸೂಜಿ ಉಗುರಲ್ಲಿ ಇಳಿದಾಗಲೂ ನಾನು ಹೀಗೆ ಕೂಗಿರಲಿಲ್ಲ."

ಸಾಲಿನಲ್ಲಿದ್ದ ಇನ್ನೊಬ್ಬ ಹೆಂಗಸು ತನಗೆ ನಲವತ್ತೆಂಟೇ ಎಂದು ಹಟ ಹಿಡಿದಳು. ಕಾಗದದಲ್ಲಿ ಐವತ್ತಮೂರು ಇತ್ತು. "ಇದು ನಮ್ಮ ಅಕ್ಕನಿಗೆ ಬಂದಿರಬೇಕು" ಎಂದಳು. "ಅಕ್ಕ ಎಲ್ಲಿದ್ದಾರೆ?" ಎಂದೆ. ಸ್ವಲ್ಪ ಯೋಚಿಸಿ, "ನಾನೇ ದೊಡ್ಡವಳು" ಎಂದಳು.

ಮಾರ್ಚ್ ೧೩, ಬುಧವಾರ

ಹಿಂದಿನ ಎಡಗಾಲಿ ಪಂಚರು. ಮಾರುಕಟ್ಟೆಯ ಮೂಲೆಯ ಟೈರಿನವನ ಅಂಗಡಿಗೆ ಹೋದೆ. ಬಾಗಿಲು ತುಂಬುವ ಆಳು. ಟಿಪ್ಪರಿನ ಟೈರನ್ನು ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸುತ್ತಾನೆ. ನಾನೂ ಎತ್ತುತ್ತಿದ್ದೆ, ನನ್ನ ಕಾಲದಲ್ಲಿ, ಎಡಗೈಯಲ್ಲಿ.

ಜಾಕ್ ಹಾಕಿ ಎತ್ತಿದವನು ಹಿಂಬಾಗಿಲನ್ನು ನೋಡುತ್ತಾ ಕುಕ್ಕರುಗಾಲಿನಲ್ಲಿ ಕುಳಿತ. ತುಟಿ ಅಲ್ಲಾಡಿಸಿ ಅಕ್ಷರ ಕೂಡಿಸಿ ಓದಿದ.

"ಇದೇನು ಮೂವತ್ತೊಂದು?"

"ಕ್ಯಾನ್ಸರು. ನಮ್ಮ ಗಾಡಿ ಬರೋಕೆ ಮುಂಚೆ ವರ್ಷಕ್ಕೆ ಹನ್ನೆರಡು. ನಾವು ಬಂದ ಮೇಲೆ ಮೂವತ್ತೊಂದು. ಎಲ್ಲಾ ನಮ್ಮ ಕೈಚಳಕ" ಎಂದೆ.

"ಐವತ್ತು ಆದವರಿಗೆ ಮಾತ್ರ?"

"ನಾವು ಮುಟ್ಟೋದು ಅವರನ್ನೇ. ನೋಡಿ, ಮುಟ್ಟದವರದ್ದು ಹೆಚ್ಚಾಗೇ ಇಲ್ಲ."

ಅವನು ಕಂಬದಿಂದ ಕಣ್ಣು ತೆಗೆಯದೆ, "ನನ್ನ ಹೆಂಡತೀನೂ ನಿಮ್ಮ ಗಾಡಿ ಹತ್ತಿದ್ದಳು. ದೀಪಾವಳಿ ಆದ ಮೇಲೆ. ಹೋದ ತಿಂಗಳು ಒಂದು ಕಡೆ ಪೂರ್ತಿ ತೆಗೆದರು" ಎಂದ.

ನಾನು ಕೆಂಪು ಕಂಬದ ನಡುಮಧ್ಯಕ್ಕೆ ಬೆರಳಿಟ್ಟು, "ಹಾಗಾದ್ರೆ ಅವರು ಇಲ್ಲೇ ಎಲ್ಲೋ ಇದ್ದಾರೆ" ಎಂದೆ. ಹೆಮ್ಮೆಪಡುತ್ತಾನೆ ಎಂದುಕೊಂಡಿದ್ದೆ.

ಅವನು ಜಾಕಿನ ಹಿಡಿಯನ್ನು ಒದ್ದ. ಗಾಡಿ ಧಡ್ ಎಂದು ಕೆಳಗೆ ಬಿತ್ತು. ನನ್ನ ಪಾದ ಒಂದು ಗೇಣು ಈಚೆ ಇದ್ದದ್ದಕ್ಕೆ ಉಳಿಯಿತು. "ತಗೊಂಡು ಹೋಗಯ್ಯ ಇದನ್ನ" ಎಂದ. ಸ್ಟೆಪ್ನಿ ಹಾಕಿ ನಟ್ಟು ಬಿಗಿದದ್ದು ಕೂಡ ನಾನೇ. ಒಳ್ಳೇದು ಮಾಡಿದವರಿಗೆ ಈ ಕಾಲದಲ್ಲಿ ಮರ್ಯಾದೆಯಿಲ್ಲ.

ಮಾರ್ಚ್ ೧೫, ಶುಕ್ರವಾರ

ನಲವತ್ತು ಕಾಗದ ಹೋಗಿತ್ತು, ಬಂದವರು ಆರು. ಅದರಲ್ಲಿ ಇಬ್ಬರು ಗಾಡಿಯ ಹಿಂಭಾಗ ನೋಡಿ ಹೊರಟುಹೋದರು. ಚಹಾದ ಅಂಗಡಿಯಲ್ಲಿ ನಾನು ಕುಳಿತ ಬೆಂಚಿನಿಂದ ಮೂವರು ಎದ್ದರು. ಯಂತ್ರವೇ ರೋಗ ಹಚ್ಚುತ್ತದೆಯಂತೆ. ಒತ್ತಿ, ಕಿರಣ ಬಿಟ್ಟು, ಇಲ್ಲದ್ದನ್ನು ಹುಟ್ಟಿಸುತ್ತದೆಯಂತೆ. "ಯಾರು ಹೇಳಿದ್ದು?" ಎಂದು ಅಂಗಡಿಯವನ ಕಾಲರ್ ಹಿಡಿದು ಎತ್ತಿದೆ. "ನೀನೇ ಹೇಳಿದ್ದಂತಲ್ಲ ಮಾವ. ಗಾಡಿ ಮೇಲೆ ಬರೆದೂ ಇದೆಯಲ್ಲ" ಎಂದ. ಬಿಟ್ಟೆ. ಅವನ ಅಂಗಿಯ ಗುಂಡಿಯೊಂದು ನನ್ನ ಕೈಯಲ್ಲೇ ಉಳಿಯಿತು.

ತಂಗಿಯ ಮನೆಗೆ ಹೋದರೆ ಅವಳಿಗೆ ಆಸ್ಪತ್ರೆಯ ಕಾಗದ ಬಂದಿತ್ತು. ಎಡಭಾಗದ ಚಿತ್ರದಲ್ಲಿ ಏನೋ ಚುಕ್ಕೆ ಇದೆ, ಏಪ್ರಿಲ್ ಎರಡಕ್ಕೆ ಬಂದು ಸೂಜಿ ಹಾಕಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು. ತಂಗಿ ಅದನ್ನು ನಾಲ್ಕಾಗಿ ಮಡಿಸಿ, ಅಲ್ಲಾಡುತ್ತಿದ್ದ ಹೊಲಿಗೆ ಮಿಷಿನ್ನಿನ ಕಾಲಿನ ಅಡಿಗೆ ತುರುಕಿದಳು.

"ಹೋಗಲ್ಲ" ಎಂದಳು.

"ಚುಕ್ಕೆ ಅಂದ್ರೆ ಕ್ಯಾನ್ಸರೇ ಅಂತ ಅಲ್ಲ ಕಣೆ. ಹತ್ತು ಜನರನ್ನ ಕರೆದ್ರೆ ಒಬ್ಬರಿಗೆ ಇರೋದೂ ಕಷ್ಟ."

"ಐವತ್ತಾರು ವರ್ಷ ನೆಟ್ಟಗಿದ್ದೆ. ನಿನ್ನ ಗಾಡಿ ಹತ್ತಿದ ಒಂಬತ್ತನೇ ದಿನಕ್ಕೆ ಚುಕ್ಕೆ. ಆ ಕೆಂಪು ಕಂಬ ಬರೆದವನು ನೀನೇ ತಾನೇ?"

ಕಿರುಚಿದೆ, ಬೈದೆ, ಅವಳ ಕುರ್ಚಿ ಒದ್ದೆ. ಕುರ್ಚಿ ಮುರಿಯಿತು. ಅವಳು ನಿಂತುಕೊಂಡೇ ಹೊಲಿಯತೊಡಗಿದಳು.

ಮಾರ್ಚ್ ೧೯, ಮಂಗಳವಾರ

ಬರೆಯುತ್ತಿರುವ ಕೈ ಇನ್ನೂ ಬಿಸಿಯಿದೆ.

ಮಾರುಕಟ್ಟೆಯ ಬಯಲಲ್ಲಿ ಗಾಡಿ ನಿಂತಿತ್ತು. ಬೆಳಗ್ಗೆ ಹನ್ನೊಂದಾಗಿತ್ತು. ಮೊದಲ ಕಲ್ಲು ತಗಡಿಗೆ ಬಡಿಯಿತು, ಎರಡನೆಯದು ಕನ್ನಡಿಗೆ, ಆಮೇಲೆ ಎಣಿಸಲಿಲ್ಲ. ಒಳಗೆ ಒಬ್ಬ ಹೆಂಗಸು ಯಂತ್ರದಲ್ಲಿದ್ದಳು, ಎದೆ ಹಲಗೆಗಳ ನಡುವೆ. ಗುಂಡುಸೂಜಿ ಹಲಗೆ ಬಿಡಿಸಿ, ಅವಳ ಮೇಲೆ ಬಟ್ಟೆ ಎಸೆದು, ಕಿಟಕಿಗೆ ತನ್ನ ಬೆನ್ನು ಕೊಟ್ಟು ಅವಳನ್ನು ಅಪ್ಪಿ ಹಿಡಿದಳಂತೆ. ಏನಾಯಿತು ಎಂದು ತಿರುಗಿ ನೋಡಿದ್ದೇ ತಪ್ಪಾಯಿತು. ಗಾಜು ಸಿಡಿದು ಗುಂಡುಸೂಜಿಯ ಹುಬ್ಬು ಸೀಳಿತು. ರಕ್ತ ಆ ಹೆಂಗಸಿನ ಹೆಗಲ ಮೇಲೆ ಸುರಿದು, ಅವಳು ತನ್ನದೇ ರಕ್ತ ಎಂದು ಅರಚಿಕೊಂಡಳು.

ನಾನು ಸೀಟಿನ ಕೆಳಗಿನಿಂದ ವೀಲ್ ಸ್ಪ್ಯಾನರ್ ಎಳೆದು ಇಳಿದೆ. ಎದುರಿಗೆ ಇಪ್ಪತ್ತು ಜನ. ಮುಂದೆ ಟೈರಿನವನು, ಕೈಯಲ್ಲಿ ಟೈರು ಬಿಚ್ಚುವ ಕಬ್ಬಿಣ. "ಇನ್ನೆಷ್ಟು ಜನರನ್ನ ತಿಂತೀರೋ" ಎಂದು ಬಂದ. ಅವನು ಎತ್ತಿದ, ನಾನು ಬೀಸಿದೆ. ನನ್ನದು ಮೊದಲು ತಗುಲಿತು. ಬಲಗೈ ಮಣಿಕಟ್ಟಿಗೆ. ಅಷ್ಟು ದೊಡ್ಡ ಆಳಿನ ಮೂಳೆ ಬಳಪದ ಕಡ್ಡಿ ಮುರಿದಷ್ಟೇ ಸದ್ದು ಮಾಡಿತು. ಅವನು ಮಂಡಿಯೂರಿದ ಮೇಲೂ ಇನ್ನೊಂದು ಕೊಟ್ಟೆ, ಭುಜಕ್ಕೆ. ಉಳಿದವರು ಚೆಲ್ಲಾಪಿಲ್ಲಿ.

ಅರವತ್ತೊಂದನೇ ವಯಸ್ಸಿನಲ್ಲಿ, ಒಬ್ಬನೇ, ಇಪ್ಪತ್ತು ಜನರ ಎದುರು. ಇದನ್ನು ಬರೆದಿಡಬೇಕು ಎಂದೇ ಈ ಬುಕ್ಕು.

ಗುಂಡುಸೂಜಿಗೆ ಏಳು ಹೊಲಿಗೆ. ಐದೇ ಜನ ಇದ್ದದ್ದು ಎಂದು ಅವಳು ಹೇಳುತ್ತಾಳೆ. ಒಂದು ಕಣ್ಣಿಗೆ ರಕ್ತ ಇಳಿದಿತ್ತಲ್ಲ, ಅರ್ಧವೂ ಕಂಡಿರಲಿಕ್ಕಿಲ್ಲ.

ಮಾರ್ಚ್ ೨೦, ಬುಧವಾರ

ಗುಂಡುಸೂಜಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡುವ ಮೊದಲು ಆಡಿದ್ದು ಇಷ್ಟು: "ಕಲ್ಲು ಹೊಡೆದವರ ಮೇಲೆ ನನಗೆ ಸಿಟ್ಟಿಲ್ಲ ಮಾವ. ಅವರಿಗೆ ಗೊತ್ತಿಲ್ಲ. ಬಿದ್ದವನಿಗೆ ಎರಡನೇ ಏಟು ಯಾಕೆ ಹಾಕಿದೆ?"

ಏಟು ಎಣಿಸಿ ಹಾಕುವುದಕ್ಕೆ ನಾನೇನು ಲೆಕ್ಕದಮ್ಮನಾ?

ಮಾರ್ಚ್ ೨೨, ಶುಕ್ರವಾರ

ಲೆಕ್ಕದಮ್ಮ ರಜೆಯಿಂದ ಬಂದರು, ನನ್ನನ್ನು ಕರೆಸಿದರು. ಮೂರ್ಛೆ ಹೋಗಲಿಲ್ಲ. ಕುಳಿತುಕೊಳ್ಳಿ ಎಂದರು, ಅದು ಇನ್ನೂ ಕೆಟ್ಟದ್ದು.

ನಾನೇ ಶುರು ಮಾಡಿದೆ. "ಅಮ್ಮಾ, ದೀಪ ಹಚ್ಚಿದ್ರೆ ಜಿರಳೆ ಕಾಣುತ್ತೆ. ದೀಪ ಜಿರಳೆ ಹೆರಲ್ಲ. ಈ ಒಂದು ಮಾತನ್ನ ಮೈಕಿನಲ್ಲಿ ಹೇಳ್ಕೊಂಡು ಊರು ಸುತ್ತಿ ಬರ್ತೀನಿ, ಎಲ್ಲಾ ಸರಿಹೋಗುತ್ತೆ." ಈ ಮಾತು ನನ್ನದೇ. ಎರಡು ದಿನ ಕುಳಿತು ಹೊಸೆದದ್ದು.

"ಚೆನ್ನಾಗಿದೆ. ಆದ್ರೆ ಅರ್ಧ" ಎಂದರು.

ಮಿಕ್ಕ ಅರ್ಧವನ್ನು ಹೇಳಿದರು. ಅಲ್ಲಿಯವರೆಗೆ ಮೈಯಲ್ಲಿ ಅಡಗಿ ಕುಳಿತಿದ್ದದ್ದೆಲ್ಲ ಗಾಡಿ ಬಂದ ಮೊದಲ ವರ್ಷ ಒಟ್ಟಿಗೆ ಸಿಕ್ಕಿದೆ, ಅದಕ್ಕೇ ಕಂಬ ಅಷ್ಟು ಎತ್ತರ. ಬರುವ ವರ್ಷ ಇಳಿಯುತ್ತದೆ, ಹನ್ನೆರಡಕ್ಕಂತೂ ಇಳಿಯುವುದಿಲ್ಲ. ಈಗಲೇ ಸಿಕ್ಕಿದ್ದು ಮುಂದೆ ಸಿಗುವುದಿಲ್ಲವಾದ್ದರಿಂದ, ಕೆಲವು ವರ್ಷ ಕಳೆದರೆ ಎಪ್ಪತ್ತು ದಾಟಿದವರ ಕಂಬ ಸ್ವಲ್ಪ ಗಿಡ್ಡವಾಗುತ್ತದೆ.

"ಇಲ್ಲಿ ಏರಿದಷ್ಟೂ ಅಲ್ಲಿ ಇಳಿಯುತ್ತಾ?"

"ಇಲ್ಲ. ಅದೇ ಮಿಕ್ಕ ಅರ್ಧ. ಕೆಲವು ಎಷ್ಟು ನಿಧಾನದವು ಅಂದ್ರೆ, ಆ ಹೆಂಗಸು ಬೇರೆ ಏನಾದ್ರೂ ಆಗಿ, ವಯಸ್ಸಾಗಿ ಹೋಗೋವರೆಗೂ ಸುಮ್ಮನೆ ಇದ್ದುಬಿಡ್ತಿದ್ದವು. ನಾವು ನೋಡದಿದ್ರೆ ಗೊತ್ತೇ ಆಗ್ತಿರಲಿಲ್ಲ. ನೋಡಿದೆವು, ತೆಗೆದೆವು."

"ಯಾರದ್ದು ಹಾಗೆ?"

"ಗೊತ್ತಿಲ್ಲ."

"ಮೂವತ್ತೊಂದರಲ್ಲಿ ಎಷ್ಟು?"

"ಅಂದಾಜು ಹೇಳಬಹುದು. ಯಾರದ್ದು ಅಂತ ಯಾರೂ ಹೇಳಲಾರರು. ಈ ಗಾಡಿಯಿಂದ ಕೆಲವರು ಬದುಕಿ ಉಳೀತಾರೆ, ಅದೂ ನಿಜ. ಅವರು ಯಾರು ಅಂತಲೂ ಗೊತ್ತಾಗಲ್ಲ. ಇಷ್ಟನ್ನೂ ಬರೆಯೋಕೆ ನಿಮ್ಮ ಬಾಗಿಲಲ್ಲಿ ಜಾಗ ಇತ್ತಾ?"

ಇಷ್ಟು ಓದಿದವರು ಗೊತ್ತಿಲ್ಲ ಎನ್ನುತ್ತಾರೆ. ಏಳನೇ ಕ್ಲಾಸಿನ ನನಗೇ ಎಲ್ಲಾ ಗೊತ್ತಿರುತ್ತದೆ. ಶೆಡ್ಡಿಗೆ ಹೋಗಿ ತಿನ್ನರ್ ಹಾಕಿ ಉಜ್ಜಿದೆ. ಚರ್ಮ ಸುಲಿಯುವ ತನಕ ಉಜ್ಜಿದರೂ ಕೆಂಪು ಪೂರ್ತಿ ಹೋಗಲಿಲ್ಲ, ಬಾಗಿಲ ತುಂಬ ಹರಡಿ ಹುಣ್ಣಿನ ಬಣ್ಣಕ್ಕೆ ಬಂತು.

ಮಾರ್ಚ್ ೨೫, ಸೋಮವಾರ

ಶತ್ರುವಿನ ಮೇಲೆ ಕಣ್ಣಿಡಬೇಕು. ಟೈರಿನವನ ಅಂಗಡಿಯ ಎದುರು ಹೋಗಿ ನಿಂತೆ. ಇನ್ನೇನು ಸಂಚು ನಡೆದಿದೆ ನೋಡೋಣ ಎಂದು.

ಸಂಚು ಏನೂ ಇರಲಿಲ್ಲ. ಬಲಗೈ ಮೊಣಕೈವರೆಗೆ ಪ್ಲಾಸ್ಟರ್. ಎಡಗೈಯಲ್ಲಿ ಕಬ್ಬಿಣ ಹಿಡಿದು, ಮಂಡಿಯಲ್ಲಿ ಟೈರು ಅದುಮಿ, ರಿಮ್ಮಿನಿಂದ ಬಿಡಿಸಲು ಹೆಣಗುತ್ತಿದ್ದ. ಕಬ್ಬಿಣ ಜಾರಿ ಗಲ್ಲಕ್ಕೆ ಬಡಿಯಿತು. ಒಳಗಿನಿಂದ ಹೆಂಡತಿ ಬಂದಳು. ಆಪರೇಷನ್ ಆದ ಕಡೆಯ ತೋಳು ಭುಜದಿಂದ ಮೇಲೆ ಏಳುವುದಿಲ್ಲ. ಇಬ್ಬರೂ ಸೇರಿ ಒಂದು ಟೈರಿನ ಜೊತೆ ಗುದ್ದಾಡುವುದನ್ನು ಎಷ್ಟು ಹೊತ್ತು ನೋಡುವುದು? ಹೋಗಿ ಅವನ ಕೈಯಿಂದ ಕಬ್ಬಿಣ ಕಿತ್ತುಕೊಂಡೆ.

"ಇನ್ನೊಂದು ಕೈ ಮುರಿಯೋಕೆ ಬಂದ್ಯಾ?" ಎಂದ.

"ನಿನ್ನ ಕೆಲಸ ನೋಡೋಕೆ ಆಗ್ತಿಲ್ಲ. ಟೈರಿಗೆ ನೋವಾಗುತ್ತೆ" ಎಂದೆ.

ನಾಲ್ಕು ಟೈರು ಬಿಚ್ಚಿ ಹಾಕಿದೆ. ಒಳಗೆ ಹೊಕ್ಕರೆ ಗುಟ್ಟು ತಿಳಿಯುತ್ತದೆ. ಬೇಹುಗಾರಿಕೆ ಎಂದರೆ ಹೀಗೆ.

ಮಾರ್ಚ್ ೨೮, ಗುರುವಾರ

ಬೇಹುಗಾರಿಕೆ ಮುಂದುವರಿದಿದೆ. ಇವತ್ತು ಎಂಟು ಟೈರು, ಒಂದು ಟ್ರ್ಯಾಕ್ಟರಿನದ್ದು. ನಂತರ ಅವರ ಮನೆಯ ಬಿಗಿ ಮುಚ್ಚಳದ ಡಬ್ಬಿಗಳನ್ನೆಲ್ಲ ತೆರೆದು ಸಡಿಲ ಮುಚ್ಚಿ ಬಂದೆ. ಆ ಮನೆಯಲ್ಲಿ ಈಗ ಮುಚ್ಚಳ ತಿರುಗಿಸುವ ಕೈ ಒಂದೂ ಇಲ್ಲ.

ಅವನು ಗಿರಾಕಿಯ ಜೊತೆ ಹೊರಗಿದ್ದಾಗ ಹೆಂಡತಿ ಮೆಲ್ಲಗೆ ಹೇಳಿದಳು: "ಅಣ್ಣಾ, ಆಪರೇಷನ್ ಆದ ಮೇಲೆ ಅವರು ಒಂದು ದಿನಾನೂ ನನ್ನ ಗಾಯ ನೋಡಿಲ್ಲ. ಅದಿನ್ನೂ ಮಾಗಿಲ್ಲ, ಡ್ರೆಸ್ಸಿಂಗ್ ಬಿಚ್ಚುವಾಗ ಗೋಡೆ ನೋಡ್ತಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ನನ್ನ ಕಡೆ ನೋಡೋಕೆ ಆಗದೆ ನಿಮ್ಮ ಗಾಡಿಗೆ ಕಲ್ಲು ಹೊಡೆದರು."

ಇನ್ನೊಂದು ಡಬ್ಬಿ ಇದೆಯಾ ಎಂದು ಕೇಳಿದೆ.

ತಂಗಿ ಹಟ ಬಿಟ್ಟಿಲ್ಲ. ಏಪ್ರಿಲ್ ಎರಡಕ್ಕೆ ಇನ್ನು ಐದೇ ದಿನ. ಇವತ್ತು ಮತ್ತೆ ಬಾಯಿ ಹಾಕಿದೆ, ಕತ್ತರಿ ಎಸೆದಳು. ಕಿವಿಯ ಪಕ್ಕದಿಂದ ಹಾದು ಬಾಗಿಲಿಗೆ ನಾಟಿತು. ತಾಯಿ ಅಷ್ಟು ದೂರದಿಂದ ಗುರಿಯಿಟ್ಟದ್ದನ್ನು ನೋಡಿ ಗುಂಡುಸೂಜಿಗೆ ಒಂಬತ್ತು ದಿನದಲ್ಲಿ ಮೊದಲ ಸಲ ನಗು ಬಂತು. ನಗುತ್ತಲೇ ಅಡುಗೆಮನೆಗೆ ಹೋಗಿ ಅತ್ತಳು. ಯಂತ್ರದ ಚಿತ್ರಗಳನ್ನು ದಿನಾ ನೋಡುವವಳು. ತಾಯಿಯ ಚಿತ್ರವನ್ನೂ ನೋಡಿದ್ದಾಳೆ.

ಏಪ್ರಿಲ್ ೧, ಸೋಮವಾರ

ಮಾರುಕಟ್ಟೆಯ ತರಕಾರಿಯವಳು ಸತ್ತಳು. ನಮ್ಮ ಗಾಡಿಯೇ ಅವಳದ್ದನ್ನು ಹಿಡಿದದ್ದು, ಆದರೆ ಆಗಲೇ ತಡವಾಗಿತ್ತು. ಊರಿಗೆ ಅದು ಬೇಕಿಲ್ಲ. ಟೈರಿನವನು ಹಚ್ಚಿದ ಕಡ್ಡಿ, ಈಗ ಅವನೇ ಊದಿದರೂ ಆರುವುದಿಲ್ಲ. "ಅವರ ಬಾಯಿಗೆ ಸಿಗಬೇಡ, ಗಾಡಿ ಹೊರಗೆ ತೆಗೀಬೇಡ" ಎಂದು ಅವನೇ ಹೇಳಿದ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ನನ್ನ ಮಾತು ಮನೆ ದಾಟಿ ಊರನ್ನೇ ಕೆಡಿಸಿದೆ.

ಏಪ್ರಿಲ್ ೪, ಗುರುವಾರ

ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ಆಸ್ಪತ್ರೆಯ ಗಂಡಸರ ವಾರ್ಡು, ಕಿಟಕಿಯ ಪಕ್ಕದ ಮಂಚ.

ಮೊನ್ನೆ ಎರಡನೇ ತಾರೀಖು ಒಡೆದ ಗಾಜು ಹಾಕಿಸಿಕೊಂಡು ಬಾ ಎಂದು ಆಫೀಸಿನವರು ಗಾಡಿಯ ಕೀಲಿ ಕೊಟ್ಟರು. ದಾರಿಯಲ್ಲಿ ತಂಗಿಯ ಮನೆ. ಮಗಳ ಹುಬ್ಬಿನ ಗಾಯ ಕೀವು ಕಟ್ಟಿ ಜ್ವರ ಏರಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದೆ. ಒಂದು ಸುಳ್ಳಿಗೆ ಎರಡು ಸಲ ಬೀಳುವವಳಲ್ಲ. ಆದರೆ ಹೊಲಿಗೆ ಹಾಕಿದ ಹುಬ್ಬನ್ನು ಕಣ್ಣಾರೆ ಕಂಡವಳು, ತಾಯಿ. ಹತ್ತಿ ಕುಳಿತಳು.

ಮಾರುಕಟ್ಟೆಯ ತಿರುವಿನಲ್ಲಿ ರಸ್ತೆಗೆ ಅಡ್ಡಲಾಗಿ ಹಳೇ ಟೈರುಗಳು ಉರಿಯುತ್ತಿದ್ದವು. ಕಪ್ಪು ಹೊಗೆಯ ಮುಂದೆ ಜನ. ಗಾಡಿಯ ಮೂತಿ ಕಂಡದ್ದೇ ಎದ್ದರು. ತಂಗಿ ನನ್ನ ಮುಖ ನೋಡಿದಳು. ಮಗಳಿಗೆ ಏನೂ ಆಗಿಲ್ಲ ಎಂದು ಅವಳಿಗೆ ಗೊತ್ತಾಯಿತು. "ನನ್ನನ್ನ ಇದರೊಳಗೆ ತಂದು ಕೂರಿಸಿದ್ಯಲ್ಲೋ" ಎಂದಳು, ಅಷ್ಟೇ.

ಹಿಂದಕ್ಕೆ ಹೋಗುವಂತಿರಲಿಲ್ಲ, ಹಿಂದೆಯೂ ಜನ. ಆಕ್ಸಿಲರೇಟರ್ ಒತ್ತಿದ್ದರೆ ನಾಲ್ಕೈದು ಜನರನ್ನು ಮಲಗಿಸಿ ದಾಟಿಬಿಡಬಹುದಿತ್ತು. ಕಾಲು ಅದರ ಮೇಲೇ ಇತ್ತು. ಕೀಲಿ ತಿರುಗಿಸಿ ಇಂಜಿನ್ ಆರಿಸಿ ಇಳಿದೆ. ಸ್ಪ್ಯಾನರ್ ಸೀಟಿನ ಕೆಳಗೇ ಉಳಿಯಿತು. ಯಾಕೆ ತೆಗೆಯಲಿಲ್ಲ ಎಂದು ಯಾರಾದರೂ ಕೇಳಿದರೆ ಸಿಕ್ಕಿಹಾಕಿಕೊಂಡಿತ್ತು ಎನ್ನುತ್ತೇನೆ.

ಏನೇನೋ ಕೂಗಿದೆ. ನೆನಪಿರುವುದು ಇಷ್ಟು: "ನಮ್ಮ ಕೈಚಳಕ ಅಂತ ಹೇಳಿದ್ದು ನಾನು, ಬಡಾಯಿಗೆ. ಯಂತ್ರ ರೋಗ ಹುಟ್ಟಿಸಲ್ಲ, ಇದ್ದದ್ದನ್ನ ತೋರಿಸುತ್ತೆ. ತೋರಿಸಿದ್ದೆಲ್ಲಾ ಕೊಲ್ಲೋ ಅಂಥದ್ದು ಅಂತಲೂ ಅಲ್ಲ. ಯಾವುದು ಕೊಲ್ಲುತ್ತೆ, ಯಾವುದು ಸುಮ್ಮನಿರುತ್ತೆ, ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಳಗೆ ನನ್ನ ತಂಗಿ ಇದ್ದಾಳೆ. ಅವಳದ್ದು ಏನು ಅಂತಲೂ ಗೊತ್ತಿಲ್ಲ. ತಿಳ್ಕೊಳ್ಳೋಕೆ ಹೋಗ್ತಿದ್ದೀವಿ."

ಗೊತ್ತಿಲ್ಲ ಎಂದವನಿಗೆ ಜನ ಹೆಚ್ಚು ಹೊಡೆಯುತ್ತಾರೆ. ಮೊದಲ ಏಟು ಬಾಯಿಗೆ, ಎರಡು ಹಲ್ಲು. ಆಮೇಲೆ ಪಕ್ಕೆಗೆ. ಬಿದ್ದೆ. ಬಿದ್ದ ಮೇಲೆ ಮೊಣಕಾಲ ಕೆಳಗೆ ಒಬ್ಬ ಚಪ್ಪಡಿ ಕಲ್ಲು ಎತ್ತಿ ಹಾಕಿದ. ಬಿದ್ದವನಿಗೆ ಹಾಕುವ ಏಟು ಬೇರೆಯೇ ಇರುತ್ತದೆ. ಕಾದು ಬರುತ್ತದೆ. ಬರುವುದನ್ನು ಪೂರ್ತಿ ನೋಡಬೇಕಾಗುತ್ತದೆ.

ಗಾಡಿಗೆ ಬೆಂಕಿ ಇಟ್ಟರು. ಅದಕ್ಕೆ ಮೊದಲು ತಂಗಿ ಇಳಿದಳು. ನನ್ನ ತಲೆಯ ಹತ್ತಿರ ಬಂದು ನಿಂತಳು, ಅವಳ ಚಪ್ಪಲಿ ಮಾತ್ರ ಕಾಣುತ್ತಿತ್ತು. ಹೊಡೆಯುವುದು ನಿಂತಿತು.

"ಅಣ್ಣ, ಬದುಕಿದ್ದೀಯಾ?"

ಹೂಂ ಎಂದೆ.

"ಬಿದ್ದಿರು. ಹೋಗಿ ಬರ್ತೀನಿ." ಆಮೇಲೆ ಎದುರಿಗಿದ್ದವರಿಗೆ, "ದಾರಿ ಬಿಡಿ. ಹನ್ನೊಂದೂವರೆಗೆ ಬರೋಕೆ ಹೇಳಿದ್ದಾರೆ, ಹೊತ್ತಾಗುತ್ತೆ" ಎಂದಳು.

ಉರಿಯುವ ಟೈರಿನ ಪಕ್ಕದ ಸಂದಿಯಲ್ಲಿ ಸೆರಗನ್ನು ಮೂಗಿಗೆ ಹಿಡಿದು ಹೋದಳು. ಯಾರೂ ತಡೆಯಲಿಲ್ಲ. ಒಂದೂವರೆ ಕಿಲೋಮೀಟರು ನಡೆದಿದ್ದಾಳೆ.

ಪಕ್ಕದ ಮಂಚದವನು ಎಷ್ಟು ಜನ ಹೊಡೆದರು ಎಂದು ಕೇಳಿದ. ನಾಲ್ಕು ಎಂದೆ. ಅಷ್ಟೇ ಇದ್ದದ್ದು.

ಏಪ್ರಿಲ್ ೯, ಮಂಗಳವಾರ

ತಂಗಿಯದ್ದು ಕ್ಯಾನ್ಸರೇ. ಅಂಗಿಯ ಗುಂಡಿಯಷ್ಟು. ಗಂಟು ಮಾತ್ರ ತೆಗೆದರೆ ಸಾಕಂತೆ, ಆಮೇಲೆ ಕೆಲವು ವಾರ ಕಿರಣ.

ಅವಳು ಲೆಕ್ಕದಮ್ಮನನ್ನೇ ಹುಡುಕಿಕೊಂಡು ಹೋಗಿ, ಬಿಟ್ಟರೆ ಏನಾಗುತ್ತದೆ ಎಂದು ಕೇಳಿದಳಂತೆ. ಬೆಳೆಯಬಹುದು, ಬೆಳೆಯದೆಯೂ ಇರಬಹುದು ಎಂದರಂತೆ. ನನ್ನ ಮಂಚದ ಅಂಚಿನಲ್ಲಿ ಕುಳಿತು ಯೋಚಿಸಿದಳು. ನಾನು ಏನಾದರೂ ಹೇಳುತ್ತೇನೆ ಎಂದು ನೋಡಿದಳು. ಹೇಳಲಿಲ್ಲ.

"ತೆಗೆಸ್ತೀನಿ. ನಿನಗೆ ಗೊತ್ತಿದೆ ಅಂತ ಹೇಳಿದ್ರೆ ಖಂಡಿತ ತೆಗೆಸ್ತಿರಲಿಲ್ಲ" ಎಂದಳು.

ಏಪ್ರಿಲ್ ೧೯, ಶುಕ್ರವಾರ

ಬೆಳಗ್ಗೆ ಒಂಬತ್ತಕ್ಕೆ ತಂಗಿಯನ್ನು ಮೇಲಿನ ಮಹಡಿಗೆ, ಥಿಯೇಟರಿಗೆ ಕರೆದುಕೊಂಡು ಹೋದರು. ನನ್ನ ಕಾಲಿಗೆ ರಾಡು ಹಾಕಿದ್ದಾರೆ, ನೆಲ ಮುಟ್ಟಿಸುವಂತಿಲ್ಲ.

ಹತ್ತಕ್ಕೆ ಟೈರಿನವನು ಬಂದ. ಪ್ಲಾಸ್ಟರ್ ಇನ್ನೂ ಇದೆ. ಸ್ಟೂಲು ಎಳೆದುಕೊಂಡು ಕುಳಿತ. ಪ್ಲಾಸ್ಟರಿನ ಅಂಚಿನ ನೂಲುಗಳನ್ನು ಒಂದೊಂದಾಗಿ ಕಿತ್ತ. ಆಮೇಲೆ ಕೇಳಿದ:

"ಅವತ್ತು ರಸ್ತೇಲಿ ಏನೋ ಹೇಳಿದ್ಯಂತೆ. ಕೆಲವು ಸುಮ್ಮನೆ ಇದ್ದುಬಿಡ್ತವೆ ಅಂತ."

"ಹೂಂ."

"ನನ್ನ ಹೆಂಡತೀದು ತೆಗೆಯಲೇಬೇಕಿತ್ತಾ?"

ಈ ಪ್ರಶ್ನೆಗೆ ನನ್ನ ಬಳಿ ಒಳ್ಳೆಯ ಉತ್ತರಗಳು ಮೂರು ಇದ್ದವು. ಮೂರೂ ನಾಲಿಗೆಯ ತುದಿಗೆ ಬಂದವು. ಬೇಕಿತ್ತು ಎಂದಿದ್ದರೆ ಅವನಿಗೆ ಇವತ್ತಾದರೂ ನಿದ್ದೆ ಬರುತ್ತಿತ್ತು.

"ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲ" ಎಂದೆ.

ಅವನು ಎದ್ದ. ಎಡಗೈ ಮುಷ್ಟಿ ಮೇಲೆ ಹೋಯಿತು. ನಾನು ಕಣ್ಣು ಮುಚ್ಚಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಮುಷ್ಟಿ ಬಂದು ಮಂಚದ ಕಬ್ಬಿಣಕ್ಕೆ ಬಡಿಯಿತು, ಒಂದು, ಎರಡು, ಮೂರು. ನನ್ನ ಕಾಲಿನ ರಾಡು ನಡುಗಿ ಜೀವ ಬಾಯಿಗೆ ಬಂತು. ವಾರ್ಡಿನವರೆಲ್ಲ ಎದ್ದು ಕುಳಿತರು. ಬೆರಳ ಗಿಣ್ಣು ಒಡೆದು ರಕ್ತ ಬಂದ ಮೇಲೆ ನಿಲ್ಲಿಸಿ ಸ್ಟೂಲಿನ ಮೇಲೆ ಕುಳಿತ. ನನ್ನ ಟವಲು ಕೊಟ್ಟೆ. ಸುತ್ತಿಕೊಂಡ.

"ನಿನ್ನೆ ಡ್ರೆಸ್ಸಿಂಗ್ ನಾನೇ ಮಾಡಿದೆ, ಎಡಗೈಯಲ್ಲಿ" ಎಂದ. "ಅವಳು ಹೇಳಿಕೊಟ್ಟಳು."

ಹನ್ನೊಂದೂಕಾಲಿಗೆ ಗುಂಡುಸೂಜಿ ಮೆಟ್ಟಿಲಿಳಿದು ಬಂದಳು. ನಮ್ಮಿಬ್ಬರನ್ನೂ ಒಂದೇ ಕಡೆ ನೋಡಿ ಬಾಗಿಲಲ್ಲೇ ನಿಂತಳು.

"ಮುಗೀತು ಮಾವ. ಎಚ್ಚರ ಆಗಿದೆ. ನಿನ್ನನ್ನೇ ಬೈತಿದ್ದಾಳೆ."

"ಏನಂತ?"

"ಬೇರೆಯವರ ಆಪರೇಷನ್ನಿಗೆ ಎಲ್ಲಾ ಅಣ್ಣಂದಿರು ಬಾಗಿಲಲ್ಲಿ ನಿಂತಿರ್ತಾರಂತೆ."

ಲಿಫ್ಟು ಸ್ಟ್ರೆಚರಿಗೆ ಮಾತ್ರ, ಅದೂ ಇವತ್ತು ಕೆಟ್ಟಿದೆ. ಎದ್ದು ಕುಳಿತೆ. ನೀನು ಎಲ್ಲಿಗೂ ಹೋಗುವಂತಿಲ್ಲ ಎಂದು ಗುಂಡುಸೂಜಿ ಕೂಗಿದಳು. ಟೈರಿನವನು ಏನೂ ಹೇಳದೆ ಬಗ್ಗಿ, ನೆಟ್ಟಗಿದ್ದ ಕೈಯನ್ನು ನನ್ನ ಕಂಕುಳಿಗೆ ಕೊಟ್ಟು ಎತ್ತಿದ. ಅವನಿಗೆ ಒಂದು ಕೈ, ನನಗೆ ಒಂದು ಕಾಲು. ಇಪ್ಪತ್ತೆರಡು ಮೆಟ್ಟಿಲು. ನಡುವೆ ಎರಡು ಸಲ ಕುಳಿತೆವು. ಹತ್ತಿದೆವು.